ಅಡೇನಿಯಂಗೆ ಮೂಡಿದ ಜೋಡಿ ಕೋಡು

ಪ್ರಶ್ನೆ: ಕಲಬುರಗಿಯಾಗ ನಮ್ಮ ಮಾಳಗಿ ಮ್ಯಾಲ ನಾಲ್ಕು ವರ್ಷದಿಂದ ಕೆಂಪು ಹೂವಿನ ಅಡೇನಿಯಂ ಒಂದು ಅದ. ಹೋದ ವರ್ಷ ಮುದ್ದಿ ಹೂವಿನ ಕಸಿ ಗಿಡ ಒಂದು, ಈ ಯುಗಾದಿಗೆ ಬಿಳಿ ಹೂವಿಂದು ಒಂದು ತಂದೀನಿ. ದಸರಾದಾಗ ಹೂ ಚಲೋ ಬಿಟ್ಟಿದ್ವು. ದೀಪಾವಳಿ ಆದ ಮ್ಯಾಲ ನೋಡಿದ್ರ ಹಳೇ ಗಿಡದ ಟೊಂಗಿ ತುದಿಗೆ ಎತ್ತಿನ ಕೋಡಿನಂಗ ಎರಡೆರಡು ಹಸರು ಕಾಯಿ ನಿಂತಾವ, ಬೆರಳುದ್ದ ಆಗ್ಯಾವ. ಇದು ರೋಗೇನ್ರಿ? ಕಾಯಿ ಬಿಟ್ರ ಗಿಡ ಸಾಯತದ, ಕಿತ್ತು ಒಗೀರಿ ಅಂತ ಬಾಜು ಮನಿಯವರು ಅಂತಾರ. ಇಟ್ಟರ ಬೀಜ ಆಗ್ತಾವೇನು, ಅದೇ ಬಣ್ಣದ ಹೂ ಬರ್ತದೇನು? ದಾಸವಾಳಕ್ಕ ಇಷ್ಟು ವರ್ಷ ಒಂದೂ ಕಾಯಿ ಆಗಿಲ್ಲ, ಶಂಖಪುಷ್ಪಕ್ಕ ಬ್ಯಾಡಂದ್ರೂ ಆಗ್ತಾವ, ಅದ್ಯಾಕ? ಇನ್ನೊಂದು, ಗುಲಾಬಿ ಎಲಿ ಯಾರೋ ಕತ್ತರಿ ಹಿಡದು ಗುಂಡಗ ಕತ್ತರಿಸಿದಂಗ ಆಗ್ಯಾವ. ಔಷಧ ಹೊಡೀಲೇನು?

ಉತ್ತರ: ರೋಗವಲ್ಲ, ಕೀಳಬೇಡಿ. ಅದು ಅಡೇನಿಯಂನ ಕಾಯಿ. ಕಣಗಿಲೆ, ದೇವಕಣಗಿಲೆ, ನಿತ್ಯಪುಷ್ಪ, ರಸ್ತೆ ಬದಿಯ ಎಕ್ಕೆ ಎಲ್ಲವೂ ಅಡೇನಿಯಂನ ಕುಟುಂಬದವೇ. ಮುರಿದರೆ ಹಾಲು ಬರುವುದು, ಒಂದೇ ಹೂವಿಗೆ ಜೋಡಿ ಕಾಯಿ ಕೂರುವುದು ಈ ಮನೆತನದ ಗುರುತು. ಹೂವಿನ ಬುಡದಲ್ಲಿರುವ ಅಂಡಾಶಯ ಎರಡು ಹೋಳಾಗಿರುತ್ತದೆ. ಹೋಳಿಗೊಂದರಂತೆ ಎರಡು ಕಾಯಿ ಬೆಳೆದು ಎದುರುಬದುರು ಬಾಗುತ್ತವೆ, ಅದಕ್ಕೇ ಕೋಡಿನ ಆಕಾರ. ಒಂದು ಹೋಳು ಮಾತ್ರ ಕಟ್ಟಿ ಒಂಟಿ ಕೋಡು ಬಂದರೂ ಅದು ಊನವಲ್ಲ. ಎಕ್ಕೆಯ ಕಾಯಿ ಒಡೆದು ಬಿಳಿ ರೇಷ್ಮೆಯಂಥ ಎಳೆ ಗಾಳಿಗೆ ಹಾರುವುದನ್ನು ನೀವು ನೋಡಿಯೇ ಇರುತ್ತೀರಿ. ನಿಮ್ಮ ಅಡೇನಿಯಂನಲ್ಲೂ ನಡೆಯಲಿರುವುದು ಹೆಚ್ಚುಕಡಿಮೆ ಅದೇ.

ನಾಲ್ಕು ವರ್ಷ ಆಗದ್ದು ಈಗೇಕೆ ಆಯಿತು ಎಂಬುದಕ್ಕೆ ಉತ್ತರ ನಿಮ್ಮ ಪತ್ರದಲ್ಲೇ ಇದೆ: ಯುಗಾದಿಗೆ ತಂದ ಬಿಳಿ ಹೂವಿನ ಗಿಡ. ಅಡೇನಿಯಂ ತನ್ನದೇ ಪರಾಗವನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಅದೇ ಹೂವಿನದಾಗಲಿ, ಅದೇ ಗಿಡದ ಇನ್ನೊಂದು ಹೂವಿನದಾಗಲಿ, ಪರಾಗ ಬಿದ್ದರೂ ಬೀಜ ಕಟ್ಟುವುದು ಅಪರೂಪ. ಒಂದೇ ತಾಯಿಯಿಂದ ಟೊಂಗೆ ಕತ್ತರಿಸಿ ನೆಟ್ಟ ಅಥವಾ ಕಸಿ ಕಟ್ಟಿದ ಹತ್ತು ಗಿಡ ಇದ್ದರೂ ಲೆಕ್ಕಕ್ಕೆ ಅವು ಒಂದೇ ಗಿಡ. ಬೀಜಕ್ಕೆ ಬೇರೆ ಮೂಲದ ಎರಡನೇ ಗಿಡ ಬೇಕು, ಎರಡೂ ಒಂದೇ ಹೊತ್ತಿಗೆ ಅರಳಬೇಕು. ನಿಮ್ಮ ಮಾಳಿಗೆಯ ಮೇಲೆ ಇದು ಮೊದಲ ಸಲ ಕೂಡಿಬಂದದ್ದು ಈ ದಸರೆಗೆ. ಮುದ್ದೆ ಹೂವಿನದು ಹೋದ ವರ್ಷವೇ ಬಂದಿತ್ತಲ್ಲ ಎನ್ನಬಹುದು. ಮುದ್ದೆ ಹೂವಿನಲ್ಲಿ ದಳದ ಮೇಲೆ ದಳ ತುಂಬಿ ಕೊಳವೆಯ ಬಾಯಿ ಕಟ್ಟಿಹೋಗಿರುತ್ತದೆ, ಎಷ್ಟೋ ಸಲ ಕೇಸರಗಳೇ ದಳಗಳಾಗಿ ಮಾರ್ಪಟ್ಟಿರುತ್ತವೆ. ಕೀಟಕ್ಕೆ ಅದು ಬೀಗ ಹಾಕಿದ ಮನೆ.

ಎರಡು ಗಿಡ ಇದ್ದ ಮಾತ್ರಕ್ಕೂ ಆಗುವುದಿಲ್ಲ. ಅಡೇನಿಯಂ ಹೂವಿನ ಕಟ್ಟಡ ಹಾಗಿದೆ. ಬಾಡುವುದಕ್ಕೆ ಬಂದ ಹೂವೊಂದನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ನೋಡಿ. ಹೊರಗಿನಿಂದ ಕೊಳವೆಯ ಬಾಯಲ್ಲಿ ಕಾಣುವ ಐದು ಕೂದಲಿನಂಥ ಎಳೆಗಳಿಗೆ ಪರಾಗ ಅಂಟಿರುವುದಿಲ್ಲ, ಅವು ಕೇಸರಗಳ ಬರಿಯ ಬಾಲ. ಬಾಲಗಳನ್ನು ಹಿಡಿದು ಕೆಳಗಿಳಿದರೆ ಐದು ಕೇಸರಗಳು ತಲೆ ಕೂಡಿಸಿ ಪುಟ್ಟ ಗುಡಾರ ಕಟ್ಟಿರುವುದು ಕಾಣುತ್ತದೆ. ಪರಾಗ ಗುಡಾರದ ಒಳಗೆ, ಮೇಲ್ಭಾಗದಲ್ಲಿ, ಕೆನೆ ಬಣ್ಣದ ಹಿಟ್ಟಿನಂತೆ ಸೇರಿರುತ್ತದೆ. ಅದರ ಕೆಳಗೆ ಗುಂಡುಸೂಜಿ ತಲೆಯಂಥ ಒಂದು ಗುಬಟು. ಬೀಜ ಕಟ್ಟಬೇಕಾದರೆ ಪರಾಗ ತಾಗಬೇಕಾದದ್ದು ಆ ಗುಬಟಿನ ನೆತ್ತಿಗಲ್ಲ, ಅಡಿಯ ಅಂಚಿಗೆ. ಪರಾಗ ಇರುವುದು ಅಟ್ಟದಲ್ಲಿ, ಅದು ಬೇಕಾಗಿರುವುದು ನೆಲಮಾಳಿಗೆಯಲ್ಲಿ, ನಡುವೆ ಏಣಿ ಇಲ್ಲ. ಗಾಳಿ ಬೀಸಿದರೆ, ಗಿಡ ಅಲುಗಿಸಿದರೆ, ಇರುವೆ ಹೊಕ್ಕರೆ ಏನೂ ಆಗದಿರುವುದು ಇದಕ್ಕೇ.

ಆಗಬೇಕಾದದ್ದು ಹೀಗೆ. ಮಕರಂದ ಇರುವುದು ಕೊಳವೆಯ ತಳದಲ್ಲಿ. ಉದ್ದ ಸೊಂಡಿಲಿನ ಕೀಟ ಎರಡು ಕೇಸರಗಳ ನಡುವಿನ ಸಂದಿಯಲ್ಲಿ ಸೊಂಡಿಲು ಇಳಿಬಿಟ್ಟು ಹೀರುತ್ತದೆ. ಹಿಂದಕ್ಕೆ ಎಳೆದುಕೊಳ್ಳುವಾಗ ಸೊಂಡಿಲು ಆ ಸಂದಿಯಲ್ಲಿ ಸಿಕ್ಕು ಮೇಲೆ ಜಾರುತ್ತದೆ. ಮೊದಲು ಗುಬಟಿನ ಅಡಿಯನ್ನು ಸವರುತ್ತದೆ, ಹಿಂದಿನ ಹೂವಿನಿಂದ ತಂದ ಪರಾಗ ಅಲ್ಲಿ ಉಳಿಯುತ್ತದೆ. ಆಮೇಲೆ ಗುಬಟಿನ ಅಂಟು ಮೆತ್ತಿಕೊಂಡು, ಕೊನೆಗೆ ಮೇಲಿರುವ ಹೊಸ ಪರಾಗವನ್ನು ಅಂಟಿಸಿಕೊಂಡು ಹೊರಬರುತ್ತದೆ. ತಂದದ್ದನ್ನು ಮೊದಲು ಕೊಟ್ಟು, ಆಮೇಲೆ ಹೊಸದನ್ನು ಒಯ್ಯುವ ವ್ಯವಸ್ಥೆ; ಹೂವಿಗೆ ತನ್ನ ಪರಾಗ ತನಗೇ ತಗಲದಿರಲಿ ಎಂಬ ಜಾಣತನ. ಸೊಂಡಿಲು ಗಿಡ್ಡದಾದರೆ ಈ ದಾರಿಯೇ ತೆರೆಯುವುದಿಲ್ಲ. ಕೋಲುಜೇನು, ತುಡುವೆ ಜೇನು ಹೂವಿನ ಮೇಲೆ ಸುಳಿದಾಡಿದರೂ ತಳದವರೆಗೆ ಎಟುಕಿಸುವುದು ಕಷ್ಟ.

ಈ ಅಳತೆ ಸರಿಹೊಂದುವುದು ಸಂಜೆಯ ಪತಂಗಗಳಿಗೆ. ಹೊತ್ತು ಮುಳುಗುವಾಗ ಹೂವಿನೆದುರು ಕೂರದೆ ರೆಕ್ಕೆ ಬಡಿಯುತ್ತಾ ಗಾಳಿಯಲ್ಲೇ ನಿಂತು ಹೀರುವ, ದಪ್ಪ ಮೈಯ ಪತಂಗಗಳಿವೆಯಲ್ಲ, ಅವು. ಹಗಲಿನಲ್ಲಾದರೆ ಉದ್ದ ಸೊಂಡಿಲಿನ ಚಿಟ್ಟೆ, ನೀಲಿ ಪಟ್ಟೆಯ ಒಂಟಿ ಜೇನಿನಂಥವು ಕೈ ಹಾಕಿ ನೋಡುತ್ತವೆ. ಕರಿ ದುಂಬಿ ಮಾತ್ರ ನಂಬಿಕಸ್ಥನಲ್ಲ. ಉದ್ದ ಕೊಳವೆಯ ಹೂಗಳಲ್ಲಿ ಬಾಗಿಲಿಗೆ ಹೋಗದೆ ಬುಡದ ಹತ್ತಿರ ಹೊರಗಿನಿಂದಲೇ ಸೀಳಿ ಮಕರಂದ ಕದಿಯುವ ಚಾಳಿ ಅದಕ್ಕಿದೆ. ಎಕ್ಕೆ ಹೂವಿನ ಮಟ್ಟಿಗೆ ಅದೇ ದುಂಬಿ ಮುಖ್ಯ ದಲ್ಲಾಳಿ, ಅಲ್ಲಿ ಪರಾಗದ ಗಂಟೇ ಅದರ ಕಾಲಿಗೆ ಸಿಕ್ಕಿ ಬರುತ್ತದೆ. ನಿಮ್ಮಲ್ಲಿ ಯಾರು ಬಂದದ್ದೆಂದು ತಿಳಿಯಬೇಕಾದರೆ ಮುಂದಿನ ಸಲ ಹೂ ಬಿಟ್ಟಾಗ ಸಂಜೆ ಆರರಿಂದ ಏಳೂವರೆವರೆಗೆ ಮಾಳಿಗೆಯ ದೀಪ ಆರಿಸಿ ಕುಂಡದಿಂದ ಎರಡು ಮಾರು ದೂರ ಕೂತು ನೋಡಿ. ದೀಪ ಹತ್ತಿಸಿಟ್ಟರೆ ಪತಂಗ ಹೂ ಬಿಟ್ಟು ಬಲ್ಬಿಗೆ ಸುತ್ತುತ್ತದೆ.

ಇಲ್ಲೊಂದು ಪೇಚು. ಆ ಪತಂಗಗಳ ಪೈಕಿ ಒಂದು, ಹಸಿರು ಮೈಮೇಲೆ ಬಿಳಿ-ಗುಲಾಬಿ ಗೆರೆ ಎಳೆದಂಥದ್ದು, ತನ್ನ ಮೊಟ್ಟೆಯನ್ನು ಕಣಗಿಲೆ, ನಂದಿಬಟ್ಟಲು, ನಿತ್ಯಪುಷ್ಪ, ಅಡೇನಿಯಂ ಎಲೆಗಳ ಮೇಲೆ ಇಡುತ್ತದೆ. ಅದರ ಹುಳ ಬೆರಳು ದಪ್ಪ, ಹಸಿರು, ಕತ್ತಿನ ಹಿಂದೆ ಎರಡು ನೀಲಿ ಕಣ್ಣಿನಂಥ ಬೊಟ್ಟು, ಬಾಲಕ್ಕೊಂದು ಮುಳ್ಳು. ಒಂದೆರಡು ರಾತ್ರಿಯಲ್ಲಿ ಗಿಡ ಬೋಳಿಸಬಲ್ಲದು. ಕುಂಡದ ಸುತ್ತ ಮೆಣಸಿನಕಾಳಿಗಿಂತ ದೊಡ್ಡ ಕಪ್ಪು ಹಿಕ್ಕೆ ಬಿದ್ದಿದ್ದರೆ ಅದು ಮೇಲೆ ಎಲ್ಲೋ ಇದೆ ಎಂದೇ ಅರ್ಥ. ವಿಷ ಹೊಡೆಯುವ ಅಗತ್ಯವಿಲ್ಲ. ಕಡ್ಡಿಯಿಂದ ತೆಗೆದು ಹೊರಗಿನ ಕಣಗಿಲೆಗೆ ಬಿಟ್ಟರೆ ಗಿಡವೂ ಉಳಿಯಿತು, ಪತಂಗವೂ ಉಳಿಯಿತು.

ಈಗ ಬಾಜು ಮನೆಯವರ ಮಾತು. ಅವರು ಸುಳ್ಳು ಹೇಳಿಲ್ಲ, ಗಿಡ ತಪ್ಪಿದ್ದಾರೆ. ಬಾಳೆ ಗೊನೆ ಹಾಕಿದ ಮೇಲೆ ಆ ದಿಂಡು ಸಾಯುತ್ತದೆ, ಬಿದಿರು ಹೂ ಬಿಟ್ಟರೆ ಸಾಯುತ್ತದೆ, ಗೌರಿ ಹೂವು, ಚೆಂಡು ಹೂವಿನಂಥ ಒಂದೇ ಹಂಗಾಮಿನ ಗಿಡಗಳೂ ಬೀಜ ಕಟ್ಟಿ ಒಣಗುತ್ತವೆ. ಅಡೇನಿಯಂ ಹತ್ತಾರು ವರ್ಷ ಬಾಳುವ ಗಿಡ. ಸಹಾರಾದ ದಕ್ಷಿಣ ಅಂಚು, ಪೂರ್ವ ಆಫ್ರಿಕ, ಅರಬ್ಬೀ ಸೀಮೆಯ ಬೆಂಗಾಡಿನಲ್ಲಿ ಹುಟ್ಟಿ, ಕಾಂಡದ ಬುಡದಲ್ಲೇ ನೀರು ತುಂಬಿಟ್ಟುಕೊಂಡು ಬದುಕಿದ್ದು. ಕಾಯಿ ಕಟ್ಟಿತೆಂದು ಸಾಯುವುದಿಲ್ಲ, ಆದರೆ ದಣಿಯುವುದು ನಿಜ. ಕಾಯಿಗೆ ಆಹಾರ ಹೋಗುವ ಎರಡು-ಮೂರು ತಿಂಗಳು ಆ ಟೊಂಗೆಯಲ್ಲಿ ಹೂ ಕಡಿಮೆ, ಬುಡದ ಗಡ್ಡೆ ಒತ್ತಿದರೆ ಸ್ವಲ್ಪ ಮೆತ್ತಗೆ. ನಾಲ್ಕು ವರ್ಷದ ಗಿಡ, ಕುಂಡ 10-12 ಇಂಚಿನದಾದರೆ ಎರಡು ಜೋಡಿ ನಿಶ್ಚಿಂತೆಯಿಂದ ಬಿಡಬಹುದು. 8 ಇಂಚಿನ ಕುಂಡವಾದರೆ ಒಂದೇ ಜೋಡಿ ಸಾಕು, ಉಳಿದದ್ದನ್ನು ತೊಟ್ಟಿನ ಹತ್ತಿರ ಬ್ಲೇಡಿನಿಂದ ಕತ್ತರಿಸಿ. ಎರಡು ವರ್ಷ ತುಂಬದ ಗಿಡ, ಇತ್ತೀಚೆಗೆ ಕುಂಡ ಬದಲಿಸಿದ ಗಿಡ, ಬೇರು ಕೊಳೆತು ಚೇತರಿಸಿಕೊಳ್ಳುತ್ತಿರುವ ಗಿಡ ಇವುಗಳಿಗಾದರೆ ಒಂದನ್ನೂ ಇಡಬಾರದು. ಬೀಜದ ಆಸೆಯೇ ಇಲ್ಲ, ಹೂ ಬೇಕು ಎನ್ನುವವರು ಕಾಯಿಯನ್ನು ಈಗಲೇ ತೆಗೆಯಲಿ. ಅರ್ಧ ಬೆಳೆಸಿ ಆಮೇಲೆ ಕೀಳುವುದರಲ್ಲಿ ಎರಡು ಕಡೆಯೂ ನಷ್ಟ.

ಇಡುವುದಾದರೆ ನೀರಿನ ವಿಷಯ ಮುಖ್ಯ. ಈ ಹಂತದಲ್ಲಿ ಕುಂಡ ಪೂರ್ತಿ ಒಣಗಿಸಿದರೆ ಕಾಯಿ ಸುಕ್ಕುಗಟ್ಟಿ ಹಳದಿಯಾಗಿ ಉದುರುತ್ತದೆ. ಚಳಿ ಶುರುವಾದ ಮೇಲೆ ದಿನಾ ನೀರು ಹಾಕಿದರೆ ಬೇರು ಕೊಳೆಯುತ್ತದೆ. ಬೆರಳನ್ನು ಎರಡು ಗೆಣ್ಣು ಮಣ್ಣಿಗೆ ಇಳಿಸಿ, ಒಣಗಿದ್ದರೆ ಮಾತ್ರ ತಳದ ತೂತಿನಿಂದ ಹೊರಬರುವಷ್ಟು ಹಾಕಿ. ನಿಮ್ಮ ಬಿಸಿಲಿಗೆ ನವೆಂಬರಿನಲ್ಲಿ ನಾಲ್ಕೈದು ದಿನಕ್ಕೊಮ್ಮೆ, ಡಿಸೆಂಬರಿನಲ್ಲಿ ಎಲೆ ಉದುರತೊಡಗಿದರೆ ಎಂಟು-ಹತ್ತು ದಿನಕ್ಕೊಮ್ಮೆ ಸಾಕಾದೀತು. ಯೂರಿಯಾದಂಥ ಸಾರಜನಕ ಬೇಡ, ಅದು ಎಲೆ ಹೆಚ್ಚಿಸುತ್ತದೆಯೇ ಹೊರತು ಕಾಯಿಗೆ ದಕ್ಕುವುದಿಲ್ಲ. ಕಾಯಿಯ ಸಂದಿಯಲ್ಲಿ ಬಿಳಿ ಹಿಟ್ಟು ತಿಗಣೆ, ಎಳೆ ತುದಿಯಲ್ಲಿ ಹಳದಿ ಹೇನು ಬರುತ್ತವೆ. ಎಕ್ಕೆ ಗಿಡದ ತುದಿಗೆ ಮುತ್ತಿರುವ ಹಳದಿ ಹೇನೂ ಇದೂ ಒಂದೇ. ನೀರಿನ ರಭಸಕ್ಕೆ ಬಹುಪಾಲು ತೊಳೆದುಹೋಗುತ್ತದೆ. ಹೋಗದಿದ್ದರೆ ಲೀಟರ್ ನೀರಿಗೆ ಬೇವಿನೆಣ್ಣೆ 5 ಮಿ.ಲೀ., ಅದು ನೀರಿನೊಂದಿಗೆ ಬೆರೆಯುವಂತೆ ದ್ರವ ಸೋಪು 1-2 ಮಿ.ಲೀ. ಹಾಕಿ ಕಲಕಿ, ಬಿಸಿಲು ಇಳಿದ ಮೇಲೆ ಕಾಯಿಗೆ, ಎಲೆಯ ಅಡಿಗೆ ಮಾತ್ರ ಸಿಂಪಡಿಸಿ. ಅರಳಿದ ಹೂವಿಗೆ ಬೇಡ. ಅಂಗಡಿಯವರು ಕೈಗಿಡುವ ಇಮಿಡಾಕ್ಲೋಪ್ರಿಡ್‌ನಂಥ ಔಷಧ ಬೇರಿನಿಂದ ಮೇಲೇರಿ ಮಕರಂದಕ್ಕೂ ಸೇರುತ್ತದೆ. ಹೇನಿಗೆಂದು ಹಾಕಿದ್ದು ಜೇನಿಗೂ ತಟ್ಟುತ್ತದೆ.

ಹೂ ಉದುರಿದಂದಿನಿಂದ ಕಾಯಿ ಬಲಿಯಲು ಸುಮಾರು ಎರಡೂವರೆಯಿಂದ ಮೂರು ತಿಂಗಳು. ಚಳಿ ಇದ್ದರೆ ಇನ್ನಷ್ಟು ತಡ. ದಸರೆಯ ಹೂವಿನ ಲೆಕ್ಕ ಹಿಡಿದರೆ ಎಳ್ಳ ಅಮಾವಾಸ್ಯೆ, ಸಂಕ್ರಾಂತಿ ಹೊತ್ತಿಗೆ ನಿಮ್ಮ ಕಾಯಿ ಒಡೆಯುತ್ತದೆ. ಒಡೆಯುವ ಮುನ್ನ ಹಸಿರು ಮಾಸಿ ಬೂದು-ಕಂದಾಗುತ್ತದೆ, ಒಂದು ಮಗ್ಗುಲಲ್ಲಿ ಉದ್ದಕ್ಕೂ ಗೆರೆ ಎದ್ದು ಕಾಣುತ್ತದೆ. ಗೆರೆ ಬಿರಿಯಲು ಒಂದು ಬೆಳಗಿನ ಬಿಸಿಲು ಸಾಕು. ಬೀಜ ಕಡ್ಡಿಯ ತುಂಡಿನಂತೆ ಸುಮಾರು ಒಂದು ಸೆಂಟಿಮೀಟರ್ ಉದ್ದ, ಎರಡೂ ತುದಿಗೆ ಹೊಳೆಯುವ ಕಂದು ಕುಚ್ಚು. ಎಕ್ಕೆಯ ಬೀಜಕ್ಕೆ ಒಂದೇ ತುದಿಯಲ್ಲಿ ಕುಚ್ಚು, ಇದಕ್ಕೆ ಎರಡು ತುದಿಗೂ. ಗಾಳಿ ಬಂದರೆ ಬಂಡಿಯ ಅಚ್ಚಿನಂತೆ ಉರುಳಿಕೊಂಡು ಹೋಗುತ್ತದೆ. ಮಾಳಿಗೆಯ ಮೇಲೆ ಗಾಳಿಗೇನು ಬರ, ಮಧ್ಯಾಹ್ನ ಹೋಗಿ ನೋಡುವಷ್ಟರಲ್ಲಿ ಖಾಲಿ ಸಿಪ್ಪೆ ಉಳಿದಿರುತ್ತದೆ.

ಆದ್ದರಿಂದ ಡಿಸೆಂಬರ್ ಮೊದಲ ವಾರದಲ್ಲೇ ಕಾಯಿಗೆ ಚೀಲ ಕಟ್ಟಿ. ಹಳೆಯ ಸೊಳ್ಳೆಪರದೆಯಲ್ಲಿ ಒಂದು ಗೇಣು ಅಗಲ, ಒಂದೂವರೆ ಗೇಣು ಉದ್ದದ ತುಂಡು ಕತ್ತರಿಸಿ ಮಡಿಸಿ ಎರಡು ಕಡೆ ಹೊಲಿದರೆ ಚೀಲವಾಯಿತು. ಜೋಡಿ ಕಾಯಿಯನ್ನು ಸಡಿಲವಾಗಿ ಒಳಗೆ ಸೇರಿಸಿ ಬಾಯಿಯನ್ನು ತೊಟ್ಟಿನ ಕೆಳಗೆ ನೂಲಿನಿಂದ ಕಟ್ಟಿ. ಪ್ಲಾಸ್ಟಿಕ್ ಚೀಲ ಹಾಕುವವರಿದ್ದಾರೆ. ರಾತ್ರಿ ಇಬ್ಬನಿ ಒಳಗೇ ನೀರಾಗಿ ಕಾಯಿಗೆ ಬೂಷ್ಟು ಹಿಡಿಯುತ್ತದೆ, ಹಗಲು ಒಳಗೆಲ್ಲ ಬೇಯುತ್ತದೆ. ಬರೀ ದಾರ ಸುತ್ತುವುದೂ ಒಂದು ದಾರಿ: ಕಾಯಿಯ ಉದ್ದಕ್ಕೆ ಮೂರು ಕಡೆ ಸುತ್ತಿದರೆ ಬಿರಿದರೂ ಬಾಯಿ ಅಗಲಿಸುವುದಿಲ್ಲ. ಆದರೆ ಬೆಳೆಯುತ್ತಿರುವಾಗಲೇ ಬಿಗಿದರೆ ದಾರ ಸಿಪ್ಪೆಯೊಳಗೆ ಇಳಿದು ಅಲ್ಲಿಂದ ಕೊಳೆಯುತ್ತದೆ. ಬಣ್ಣ ಮಾಸಿದ ಮೇಲೆ ಮಾತ್ರ ಸುತ್ತಿ. ಹಸಿರಾಗಿರುವಾಗಲೇ ಕಿತ್ತು ಮನೆಯೊಳಗೆ ಹಣ್ಣಾಗಿಸುವ ಪ್ರಯತ್ನ ಬೇಡ, ಇದು ಸೀತಾಫಲವಲ್ಲ.

ಒಂದು ಕಾಯಿಯಲ್ಲಿ ಚೆನ್ನಾಗಿ ಕಟ್ಟಿದರೆ ಐವತ್ತರಿಂದ ನೂರು ಬೀಜ ಸಿಗಬಹುದು. ಕುಚ್ಚನ್ನು ಬೆರಳಿನಿಂದ ತಿಕ್ಕಿ ತೆಗೆಯಿರಿ, ಇಲ್ಲದಿದ್ದರೆ ಬಿತ್ತುವಾಗ ಬೀಜ ಮಣ್ಣಿಗೆ ಕೂರುವುದಿಲ್ಲ, ಕುಚ್ಚು ನೀರು ಹಿಡಿದು ಬೂಷ್ಟನ್ನೂ ಕರೆಯುತ್ತದೆ. ಪ್ರತಿ ಬೀಜವನ್ನೂ ಹೆಬ್ಬೆರಳು-ತೋರುಬೆರಳ ನಡುವೆ ಮೆಲ್ಲಗೆ ಒತ್ತಿ ನೋಡಿ. ಗಟ್ಟಿ ಇದ್ದರೆ ಕಾಳು ತುಂಬಿದೆ, ಚಪ್ಪಟೆಯಾಗಿ ಹೊಟ್ಟಿನಂತೆ ಅದುಮಿದರೆ ಜೊಳ್ಳು.

ಹೊಸ ಬೀಜ ಚುರುಕು, ತಿಂಗಳು ಕಳೆದಷ್ಟೂ ಮೊಳಕೆ ಇಳಿಯುತ್ತದೆ. ಹಾಗೆಂದು ಜನವರಿಯಲ್ಲೇ ಬಿತ್ತಬೇಡಿ. ಮೊಳಕೆಗೆ 27-32 ಡಿಗ್ರಿ ಬಿಸಿ ಬೇಕು, ಕಲಬುರಗಿಯ ಜನವರಿ ರಾತ್ರಿಗಳಲ್ಲಿ ಅದು ಸಿಗದು, ಎತ್ತರದ ಬೀದರ್‌ನಲ್ಲಂತೂ ಇಲ್ಲವೇ ಇಲ್ಲ. ತಣ್ಣನೆಯ ಒದ್ದೆ ಮಣ್ಣಿನಲ್ಲಿ ಬೀಜ ಮೊಳೆಯುವ ಮೊದಲೇ ಕೊಳೆಯುತ್ತದೆ. ಎರಡು ದಿನ ನೆರಳಲ್ಲಿ ಒಣಗಿಸಿ ಕಾಗದದ ಪೊಟ್ಟಣದಲ್ಲಿ ಕಟ್ಟಿ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಟ್ಟು ಶಿವರಾತ್ರಿ ಕಾಯಿರಿ. ಶಿವರಾತ್ರಿಗೆ ಚಳಿ ಶಿವಶಿವ ಅಂತ ಓಡಿದ ಮೇಲೆ ಬಿತ್ತಿದರೆ ವಾರದೊಳಗೆ ಮೊಳಕೆ, ಶರಣಬಸವೇಶ್ವರ ಜಾತ್ರೆ ಹೊತ್ತಿಗೆ ನಾಲ್ಕು ಎಲೆ. ಬೀದರ್ ಕಡೆಯವರು ಇನ್ನೊಂದು ಹದಿನೈದು ದಿನ ತಡೆಯುವುದು ಒಳ್ಳೆಯದು.

ಮಣ್ಣು ಎಂದರೆ ನಮ್ಮ ಎರೆಮಣ್ಣು ಅಲ್ಲ. ತೊಗರಿ, ಜೋಳಕ್ಕೆ ಅದು ಬಂಗಾರ, ಕುಂಡದ ಅಡೇನಿಯಂಗೆ ಸೆರೆಮನೆ: ನೀರು ಕುಡಿದು ಉಬ್ಬಿ ಬೇರಿಗೆ ಗಾಳಿ ಆಡದಂತೆ ಮಾಡುತ್ತದೆ, ಒಣಗಿದರೆ ಬಿರಿದು ಎಳೆ ಬೇರು ಹರಿಯುತ್ತದೆ. ದಪ್ಪ ಮರಳು ಎರಡು ಪಾಲು, ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಒಂದು ಪಾಲು, ಎರೆಗೊಬ್ಬರ ಒಂದು ಪಾಲು ಬೆರೆಸಿ. ಮರಳು ಸಿಗದಿದ್ದರೆ ಇಟ್ಟಿಗೆಯನ್ನು ಕುಟ್ಟಿ ಜೋಳದ ಕಾಳಿನ ಗಾತ್ರದ ಚೂರು ಮಾಡಿ, ಧೂಳನ್ನು ಜರಡಿ ಹಿಡಿದು ತೆಗೆದು ಬಳಸಬಹುದು. ತಳಕ್ಕೆ ತೂತಿರುವ, ನಾಲ್ಕು ಇಂಚು ಆಳದ ಟ್ರೇ ಸಾಕು. ಮೊದಲು ಮಿಶ್ರಣ ನೆನೆಸಿ ನೀರು ಬಸಿದುಹೋಗಲು ಬಿಡಿ. ಬೀಜವನ್ನು ನಿಲ್ಲಿಸದೆ ಮಲಗಿಸಿ, ಎರಡು ಬೆರಳು ಅಂತರ ಕೊಟ್ಟು, ಮೇಲೆ ಅರ್ಧ ಸೆಂಟಿಮೀಟರ್ ಮರಳು ಉದುರಿಸಿ. ಪ್ಲಾಸ್ಟಿಕ್ ಹಾಳೆ ಹೊದಿಸಿದರೆ ದಿನಕ್ಕೊಮ್ಮೆ ಹತ್ತು ನಿಮಿಷ ತೆಗೆದು ಗಾಳಿ ಆಡಿಸಿ, ಅರ್ಧಕ್ಕಿಂತ ಹೆಚ್ಚು ಮೊಳೆತ ದಿನ ಪೂರ್ತಿ ತೆಗೆದುಬಿಡಿ.

ಬಹಳ ಜನ ಸೋಲುವುದು ಈ ಹಾಳೆಯ ಹತ್ತಿರ. ಮೊಳಕೆ ಚೆಂದ ಬಂದಿದೆ, ಇನ್ನೆರಡು ದಿನ ಮುಚ್ಚಿರಲಿ ಎನ್ನುತ್ತಾರೆ. ಬೆಳಿಗ್ಗೆ ನೋಡಿದರೆ ಸಸಿ ಮಣ್ಣಿನ ಮಟ್ಟದಲ್ಲಿ ನೂಲಿನಂತೆ ಸಣ್ಣಗಾಗಿ ಪಕ್ಕಕ್ಕೆ ಮಲಗಿರುತ್ತದೆ, ಮರುದಿನ ಅದರ ಪಕ್ಕದ್ದು. ಇದು ಬುಡ ಕೊಳೆವ ಶಿಲೀಂಧ್ರ, ಬಿದ್ದದ್ದನ್ನು ಎಬ್ಬಿಸಲಾಗದು. ಸುತ್ತಲಿನ ಮಣ್ಣು ಸಮೇತ ಚಮಚದಿಂದ ಎತ್ತಿ ಎಸೆದು, ಉಳಿದವಕ್ಕೆ ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕವನ್ನು ಲೀಟರ್ ನೀರಿಗೆ 1 ಗ್ರಾಂ ಕಲಸಿ ಬುಡಕ್ಕೆ ಹನಿಸಿ, ಎರಡು ದಿನ ನೀರು ನಿಲ್ಲಿಸಿ, ಬೆಳಗಿನ ಬಿಸಿಲು ತೋರಿಸಿ. ಇನ್ನೊಂದು ಅಪಾಯ ಮಾಳಿಗೆಯ ಶಾಬಾದಿ ಫರಸಿ. ಏಪ್ರಿಲ್-ಮೇನಲ್ಲಿ ಹೊರಗೆ 42 ಡಿಗ್ರಿ ಇದ್ದಾಗ ಕಲ್ಲು ಅದಕ್ಕಿಂತ ಎಷ್ಟೋ ಹೆಚ್ಚು ಕಾದಿರುತ್ತದೆ, ಬಿಸಿ ಟ್ರೇಯ ತಳದಿಂದ ಮೇಲೇರುತ್ತದೆ. ಎರಡು ಇಟ್ಟಿಗೆ, ಅದರ ಮೇಲೆ ಹಲಗೆ, ಅದರ ಮೇಲೆ ಟ್ರೇ. ಮೇಲೆ 50 ಪ್ರತಿಶತ ನೆರಳಿನ ಹಸಿರು ಪರದೆ. ಆರೆಂಟು ಎಲೆ ಬಂದ ಮೇಲೆ ಒಂದೊಂದನ್ನು ನಾಲ್ಕಿಂಚಿನ ಕುಂಡಕ್ಕೆ ಬಿಡಿಸಿ ನೆಡಿ.

ಬಣ್ಣದ ಪ್ರಶ್ನೆಗೆ ಉತ್ತರ ನಿಮಗೆ ಹಿಡಿಸಲಿಕ್ಕಿಲ್ಲ. ಅದೇ ಕೆಂಪು ಬರುತ್ತದೆಂದು ಹೇಳಲಾಗದು. ಆ ಬೀಜಕ್ಕೆ ತಾಯಿ ಹಳೇ ಗಿಡ, ತಂದೆ ಬಹುಶಃ ಯುಗಾದಿಯ ಬಿಳಿ, ಅಥವಾ ಓಣಿಯ ಇನ್ನಾವುದೋ ಮಾಳಿಗೆಯದು. ಒಂದೇ ಕಾಯಿಯ ಮಕ್ಕಳೂ ಅಕ್ಕತಂಗಿಯರಂತೆ ಬೇರೆ ಬೇರೆಯೇ. ತಾಯಿಯ ಹೂವನ್ನೇ ಬೇಕೆಂದರೆ ಕಸಿ ಅಥವಾ ಟೊಂಗೆ ಮಾತ್ರ. ಆದರೆ ಟೊಂಗೆ ನೆಟ್ಟ ಗಿಡಕ್ಕೆ ಬೀಜದ ಗಿಡದಂಥ ದುಂಡನೆಯ ಬುಡ ಸುಲಭಕ್ಕೆ ಬರುವುದಿಲ್ಲ, ಬೀಜದ ಸಸಿಯ ದೊಡ್ಡ ಬೆಲೆ ಅಲ್ಲಿದೆ. ಒಂದರಿಂದ ಎರಡು ವರ್ಷದಲ್ಲಿ ಹೂ ಬಿಡುತ್ತದೆ. ಹೂ ಹಿಡಿಸದಿದ್ದರೆ ಅದೇ ದುಂಡು ಬುಡದ ಮೇಲೆ ನಿಮ್ಮ ಮುದ್ದೆ ಹೂವಿನ ಟೊಂಗೆ ಕಸಿ ಕಟ್ಟಬಹುದು. ಅಂದ ಹಾಗೆ, ಕಸಿ ಗಿಡದಲ್ಲಿ ಕಾಯಿ ಕಂಡರೆ ಅದು ಗಾಯದ ಗುರುತಿನ ಮೇಲಿನ ಟೊಂಗೆಯೋ ಕೆಳಗಿನದೋ ನೋಡಿ. ಕೆಳಗಿನದಾದರೆ ಅದು ಬುಡದ ಗಿಡದ್ದೇ ಚಿಗುರು. ಮೇಲಿನ ಕಸಿಯನ್ನು ಸೊರಗಿಸುತ್ತದೆ, ಕತ್ತರಿಸಿಬಿಡಿ.

ಪತಂಗಕ್ಕಾಗಿ ಕಾಯದೆ ನೀವೇ ಪರಾಗ ಮುಟ್ಟಿಸಬಹುದು, ಬೆಳಿಗ್ಗೆ ಏಳರಿಂದ ಹತ್ತರೊಳಗೆ. ಎರಡೂ ಹೂ ಅರಳಿ ಎರಡು-ಮೂರು ದಿನವಾಗಿರಬೇಕು. ತಂದೆ ಹೂವನ್ನು ಕಿತ್ತು ಕೊಳವೆ ಸೀಳಿ, ಗುಡಾರದ ಒಂದು ಕೇಸರವನ್ನು ಸೂಜಿಯಿಂದ ಸರಿಸಿ, ಮೇಲ್ಭಾಗದ ಕೆನೆಬಣ್ಣದ ಹಿಟ್ಟನ್ನು ಹಲ್ಲುಕಡ್ಡಿಯ ಮೊನೆಗೆ ಅಂಟಿಸಿಕೊಳ್ಳಿ. ಒಣ ಕಡ್ಡಿಗೆ ಅಂಟದಿದ್ದರೆ ಗುಬಟಿನ ಅಂಟಿಗೆ ಒಮ್ಮೆ ತಾಗಿಸಿ. ತಾಯಿ ಹೂವನ್ನು ಗಿಡದಲ್ಲೇ ಬಿಟ್ಟು ಕೊಳವೆಗೆ ಒಂದೇ ಮಗ್ಗುಲಲ್ಲಿ ಸೀಳು ಹಾಕಿ, ಕೇಸರದ ಸಂದಿಯಲ್ಲಿ ಕಡ್ಡಿ ತೂರಿಸಿ ಗುಬಟಿನ ಅಡಿಗೆ ಸವರಿ. ನೆತ್ತಿಗೆ ಸವರಿ ಆಗಲಿಲ್ಲ ಎನ್ನುವವರೇ ಹೆಚ್ಚು. ತೊಟ್ಟಿಗೊಂದು ಬಣ್ಣದ ನೂಲು ಕಟ್ಟಿ ದಿನಾಂಕ ಬರೆದಿಡಿ. ಹಿಡಿಯದ ಹೂ ತೊಟ್ಟು ಸಮೇತ ಹಳದಿಯಾಗಿ ಕಳಚುತ್ತದೆ. ಹಿಡಿದರೆ ದಳ ಉದುರಿದರೂ ತೊಟ್ಟು ಹಸಿರಾಗಿ ದಪ್ಪವಾಗುತ್ತದೆ, ಹತ್ತು-ಹದಿನೈದು ದಿನಕ್ಕೆ ಎರಡು ಪುಟ್ಟ ಕೊಂಬು ಹೊರಬರುತ್ತವೆ. ಹತ್ತು ಹೂವಿಗೆ ಮಾಡಿ ಎರಡು ಹಿಡಿದರೂ ಬೇಜಾರಾಗಬೇಡಿ.

ಈ ಕೆಲಸಕ್ಕೆಲ್ಲ ಕೈಗವಸು ಹಾಕಿ. ಅಡೇನಿಯಂನ ಹಾಲು ಹೃದಯದ ಬಡಿತ ಕೆಡಿಸುವ ವಿಷ, ಆಫ್ರಿಕದಲ್ಲಿ ಬೇಟೆಗಾರರು ಬಾಣಕ್ಕೆ ಸವರುತ್ತಿದ್ದದ್ದು. ಕಣ್ಣಿಗೆ, ಗಾಯಕ್ಕೆ ತಗಲಬಾರದು. ಕತ್ತರಿಸಿದ ಟೊಂಗೆ, ಕಿತ್ತ ಕಾಯಿಯನ್ನು ಮಾಳಿಗೆಯಿಂದ ಓಣಿಗೆ ಎಸೆಯಬೇಡಿ, ಕೆಳಗೆ ಆಡು, ದನ ಬಾಯಿ ಹಾಕುತ್ತವೆ.

ದಾಸವಾಳದ ವಿಷಯ ಬೇರೆ. ನಮ್ಮ ಅಂಗಳದ ದಾಸವಾಳ ತಲೆಮಾರುಗಳಿಂದ ಟೊಂಗೆ ನೆಟ್ಟೇ ಬಂದದ್ದು, ಬೇರೆ ಬೇರೆ ಜಾತಿ ಕೂಡಿಸಿ ತಯಾರಾದದ್ದು, ಬೀಜ ಕಟ್ಟುವ ಶಕ್ತಿಯನ್ನೇ ಬಹುಪಾಲು ಕಳೆದುಕೊಂಡಿದೆ. ಜೇನು ಬಂದರೂ ಪ್ರಯೋಜನವಿಲ್ಲ. ಅದರ ದಾಯಾದಿಗಳಾದ ಬೆಂಡೆ, ಪುಂಡಿ ಹೇಗೆ ಕಾಯಿ ತುಂಬಿಕೊಳ್ಳುತ್ತವೆ ನೋಡಿ. ಪುಂಡಿಪಲ್ಯದ ಗಿಡವನ್ನು ಎಲೆ ಕೊಯ್ಯದೆ ಬಿಟ್ಟರೆ ಗೊತ್ತಾಗುತ್ತದೆ. ಶಂಖಪುಷ್ಪ ಇದಕ್ಕೆ ತದ್ವಿರುದ್ಧ, ಮೊಗ್ಗು ಬಿರಿಯುವ ಮೊದಲೇ ಒಳಗೇ ಪರಾಗ ಮುಟ್ಟಿಸಿಕೊಂಡುಬಿಡುತ್ತದೆ, ಕೀಟ ಬಂದರೂ ಸೈ, ಬಾರದಿದ್ದರೂ ಸೈ. ಹೂ ಹೆಚ್ಚು ಬೇಕಾದರೆ ಕಾಯಿ ಎಳೆಯದಾಗಿರುವಾಗಲೇ ವಾರಕ್ಕೊಮ್ಮೆ ಕಿತ್ತುಬಿಡಿ.

ಕೊನೆಗೆ ಗುಲಾಬಿ. ಎಲೆಯ ಅಂಚಿನಿಂದ ನಾಣ್ಯ ಒತ್ತಿ ತೆಗೆದಂತೆ ಅಚ್ಚುಕಟ್ಟಾದ ಅರ್ಧಚಂದ್ರ ಹೋಗಿದೆಯೇ? ಹಾಗಿದ್ದರೆ ಔಷಧ ಮುಟ್ಟಬೇಡಿ. ಅದು ಎಲೆ ಕತ್ತರಿಸುವ ಜೇನು. ಗೂಡಿನ ಹಿಂಡು ಕಟ್ಟುವುದಿಲ್ಲ, ಒಂಟಿ ಹೆಣ್ಣು ಒಣ ಕಾಂಡದ ಪೊಳ್ಳು, ಮರದ ತೂತು, ಗೋಡೆಯ ಸಂದು ಹುಡುಕಿ ಎಲೆ ತುಂಡಿನಿಂದ ಒಳಗೆ ಸಣ್ಣ ಸಣ್ಣ ಕೋಣೆ ಕಟ್ಟುತ್ತದೆ. ಉದ್ದುದ್ದ ತುಂಡು ಗೋಡೆಗೆ, ಗುಂಡನೆಯದು ಮುಚ್ಚಳಕ್ಕೆ. ಎಲೆ ತಿನ್ನುವುದಿಲ್ಲ, ಗಿಡಕ್ಕೆ ಹಾನಿ ಅಂಥದ್ದೇನಿಲ್ಲ. ಪರಾಗವನ್ನು ಕಾಲಿಗಲ್ಲ, ಹೊಟ್ಟೆಯ ಅಡಿಯ ಕೂದಲಿಗೆ ಮೆತ್ತಿಕೊಂಡು ಹೋಗುವುದರಿಂದ ಹೊಟ್ಟೆ ಹಳದಿಯಾಗಿ ಕಾಣುತ್ತದೆ. ಈಗ ಹೊರಗೆ ಹೊಲಗಳಲ್ಲಿ ತೊಗರಿ ಹೂವಾಗಿರುವ ಕಾಲ. 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕಲಬುರಗಿಯ ತೊಗರಿಯ ಹಳದಿ ಹೂವಿನ ಮೇಲೆ ಬಲವಾಗಿ ಕೂತು ಅದನ್ನು ಬಿಚ್ಚುವವರಲ್ಲಿ ಇದೂ ಒಂದು. ತೊಗರಿ ತಾನೇ ಕಾಯಿ ಕಟ್ಟಬಲ್ಲದಾದರೂ ಇಂಥ ಜೇನುಗಳಿಂದ ಒಂದು ತಳಿಯ ಪರಾಗ ಇನ್ನೊಂದಕ್ಕೆ ಸೇರುತ್ತದೆ. ಬೀಜೋತ್ಪಾದನೆಯ ತೊಗರಿಯನ್ನು ಬೇರೆ ತಳಿಯ ಹೊಲದಿಂದ ದೂರ ಬಿತ್ತುವುದು ಇದಕ್ಕೇ.

ಎಲೆಯ ತೂತು ಗುಂಡಗಿರದೆ ಹರಕುಮುರುಕಾಗಿದ್ದರೆ, ನಡುವೆ ಜರಡಿಯಾಗಿದ್ದರೆ, ಅದು ರಾತ್ರಿ ಬರುವ ಕಂದು ದುಂಬಿಯ ಕೆಲಸ. ಒಂಬತ್ತು ಗಂಟೆಗೆ ಟಾರ್ಚ್ ಹಿಡಿದು ಹೋಗಿ ಟೊಂಗೆ ಅಲ್ಲಾಡಿಸಿ, ಕೆಳಗೆ ಹಾಸಿದ ಕಾಗದದ ಮೇಲೆ ಬಿದ್ದವನ್ನು ಸೋಪಿನ ನೀರಿಗೆ ಹಾಕಿ.